ಮದಗದ ದಂಡೆಯ ಶಿಬಿರಕ್ಕೆ ಬಂದ ಕೋಳಿ ಸಾರು

ನಮ್ಮ ಕುಂದಾಪುರದ ಕಡೆಯವರ ಕೈಯಿಂದ ಏನನ್ನಾದರೂ ತಪ್ಪಿಸಿಕೊಳ್ಳಬಹುದು, ಊಟವನ್ನು ಮಾತ್ರ ತಪ್ಪಿಸಿಕೊಳ್ಳಲಾಗದು. ಕರೆಂಟಿನ ಮೀಟರ್ ನೋಡಲು ಬಂದವನಿಗೂ “ಒಂದ್ ದೋಸಿ ತಿಂದ್ಕಂಡ್ ಹೋಯ್ನಿ” ಎನ್ನದೆ ಬಿಡುವ ಜನ ನಾವಲ್ಲ. ಬೇಡ ಎಂದರೆ ಬೇಡ ಎಂದೇ ಅರ್ಥ ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಮೊದಲ ಬೇಡಕ್ಕೆ ನಾಚಿಕೆ ಎಂದರ್ಥ. ಮತ್ತೊಮ್ಮೆ ಬೇಡ ಎಂದರೆ ಒತ್ತಾಯ ಸಾಲಲಿಲ್ಲ ಎಂದರ್ಥ. ಆಮೇಲೂ ಬೇಡವೇ ಎಂದರೆ ಆ ಮನೆಯವರ ಮೇಲೆ ನಿಮಗೇನೋ ಸಿಟ್ಟಿದೆ, ಹಳೆಯ ಜಾಗದ ತಕರಾರು ಏನಾದರೂ ಇದೆಯೋ ಎಂದು ಊರೇ ಯೋಚಿಸತೊಡಗುತ್ತದೆ. ಇಂಥ ಊರಿನಲ್ಲಿ ಹುಟ್ಟಿ ಬೆಳೆದ ನಾನು ಜೀವಮಾನದಲ್ಲಿ ಯಾರ ಮನಸ್ಸನ್ನೂ ನೋಯಿಸಿದವಳಲ್ಲ. ಅದಕ್ಕೆ ಸಾಕ್ಷಿಯಾಗಿ ನನ್ನ ಹಳೆಯ ರವಿಕೆಗಳೆಲ್ಲ ಮೈಗೆ ಏರದೆ ಬೀರುವಿನಲ್ಲಿ ಹಾಗೇ ಕುಳಿತಿವೆ.

ಇಂಥವಳನ್ನು ಹಿಡಿದು ಶಾಲೆಯ ಗೈಡ್ಸ್ ದಳದ ಕ್ಯಾಪ್ಟನ್ ಮಾಡಿದರು. ನಾನು ಹಿಂದಿ ಟೀಚರು. ದಿನಾ ಬ್ರಹ್ಮಾವರದಲ್ಲಿ ಬಸ್ಸು ಹತ್ತಿ ಬೈಂದೂರು ತಾಲೂಕಿನ ನಮ್ಮ ಹೈಸ್ಕೂಲಿಗೆ ಹೋಗಿ, ಕ್ರಿಯಾಪದಕ್ಕೂ ಕರ್ತೃಪದಕ್ಕೂ ಲಿಂಗ ಹೊಂದಿಸಿ, ಸಂಜೆ ಸೀಟು ಸಿಕ್ಕಿದರೆ ಒಂದು ನಿದ್ದೆ ತೆಗೆದು ವಾಪಸ್ಸು ಬರುವುದು ನನ್ನ ಸಾಹಸ ಜೀವನ. ಕ್ಯಾಪ್ಟನ್ ಯಾರಾಗಬೇಕೆಂದು ಸ್ಟಾಫ್ ಮೀಟಿಂಗಿನಲ್ಲಿ ಚರ್ಚೆ ನಡೆಯುವಾಗ ನಾನು ಹೊರಗಿನ ಕ್ಯಾಂಟೀನಿನಲ್ಲಿ ಗೋಳಿಬಜೆ ಬಿಸಿಯಿರುವಾಗಲೇ ಮುಗಿಸುವ ತುರ್ತಿನಲ್ಲಿದ್ದೆ. ಇಲ್ಲದವರ ಹೆಸರು ಸರ್ವಾನುಮತದಿಂದ ಪಾಸಾಗುವುದು ಎಲ್ಲ ಕಡೆಯೂ ಇದ್ದದ್ದೇ. ಸ್ಕಾರ್ಫ್ ಕಟ್ಟಿ, ಸೀಟಿ ನೇತು ಹಾಕಿಕೊಂಡು ಮೊದಲ ದಿನ ಬಸ್ಸು ಹತ್ತಿದಾಗ ಕಂಡಕ್ಟರು, “ಎಂತ ಟೀಚರ್ರೆ, ನಮ್ಮ್ ಸೀಟಿ ನೀವ್ ತಕಂಡದ್ದಾ?” ಎಂದ. ಬಸ್ಸು ಪೂರ್ತಿ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡುವುದು?

ದಳದ ಮಕ್ಕಳು ಮಾತ್ರ ನನ್ನ ಹಾಗಲ್ಲ. ಕಿರಿಮಂಜೇಶ್ವರದಿಂದ ಸ್ವಲ್ಪ ಒಳಗೆ ಒಂದು ಹಳೆಯ ಮದಗವಿದೆ. ಮದಗವೆಂದರೆ ಗದ್ದೆಗೆ ನೀರು ಬಿಡುವ ನಮ್ಮ ಕಡೆಯ ಕೆರೆ. ಅದರಲ್ಲಿ ನೀರಿಗಿಂತ ಹೆಚ್ಚು ಬಾಟಲಿಗಳೇ ತುಂಬಿದ್ದವು. ಆ ಹುಡುಗಿಯರು ಭಾನುವಾರ ಭಾನುವಾರ ಹೋಗಿ ಕಸ ಹೆಕ್ಕಿ, ದಂಡೆಗೆ ಗಿಡ ನೆಟ್ಟು, ಕೊನೆಗೆ ಓಡಿಹೋಗಿದ್ದ ಹುಂಡುಕೋಳಿ ಎಂಬ ನೀರುಹಕ್ಕಿಗಳೂ ಮರಿ ಕಟ್ಟಿಕೊಂಡು ಬರುವ ಹಾಗೆ ಮಾಡಿದ್ದರು. ನಾನು ಮರದ ಬುಡದಲ್ಲಿ ಕುಳಿತು ಪ್ರೋತ್ಸಾಹ ಕೊಟ್ಟಿದ್ದೆ. ಈ ಕೆಲಸಕ್ಕೆ ಪರಿಸರ ಸಂರಕ್ಷಣೆಯ ಪ್ರಶಸ್ತಿ ಸಿಗಬೇಕಾದರೆ ಕೊನೆಯದೊಂದು ಪರೀಕ್ಷೆ ಇತ್ತು. ಅದೇ ಮದಗದ ದಂಡೆಯಲ್ಲಿ ಡೇರೆ ಹಾಕಿ ಶಿಬಿರ ಮಾಡಬೇಕು, ಪಾತ್ರೆಯಿಲ್ಲದೆ ತಾವೇ ಅಡುಗೆ ಮಾಡಿಕೊಂಡು ಉಣ್ಣಬೇಕು, ಹೊರಗಿನ ಊಟ ಮುಟ್ಟಕೂಡದು, ಒಂದು ಚೂರು ಕಸ ಉಳಿಯಕೂಡದು. ಪರೀಕ್ಷಕರು ಎರಡನೆಯ ದಿನ ಮಧ್ಯಾಹ್ನ ಬಂದು ನೋಡುತ್ತಾರೆ.

ದಳದ ನಾಯಕಿ ಸಹನಾ, ಹತ್ತನೇ ತರಗತಿ. ಮುಂದಿನ ವರ್ಷ ಶಾಲೆ ಬಿಡುವವಳು, ಹಾಗಾಗಿ ಅವಳಿಗೆ ಇದೇ ಕೊನೆಯ ಅವಕಾಶ. ಅವಳ ತಾಯಿ ಗುಲಾಬಕ್ಕ ಮೀನು ಮಾರುವವರು. ಆ ಮನೆಯಲ್ಲಿ ಈವರೆಗೆ ಯಾರಿಗೂ ಗೋಡೆಗೆ ತೂಗುಹಾಕುವಂಥ ಪ್ರಶಸ್ತಿಪತ್ರ ಬಂದದ್ದಿಲ್ಲ. ಪತ್ರ ಬರುವ ಮೊದಲೇ ಗುಲಾಬಕ್ಕ ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದಾರೆಂದು ಸಹನಾ ಒಮ್ಮೆ ಹೇಳಿದ್ದಳು. ಅಂದಿನಿಂದ ನನಗೆ ಪ್ರಶಸ್ತಿಯ ಹೆದರಿಕೆ ಶುರುವಾಯಿತು.

ಮೊದಲ ದಿನ ಎಲ್ಲ ಚೆನ್ನಾಗಿಯೇ ಆಯಿತು. ಸಂಜೆ ಹುಡುಗಿಯರು ಬೊಂಡದ, ಅಂದರೆ ಎಳನೀರಿನ, ಚಿಪ್ಪಿನಲ್ಲಿ ಅಕ್ಕಿ ಹಾಕಿ ಬೇಯಿಸಿದರು, ಕೆಂಡದಲ್ಲಿ ಬಟಾಟೆ ಸುಟ್ಟರು. ಅನ್ನ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಅಕ್ಕಿ. ಬಟಾಟೆ ಯಾವುದು, ಇದ್ದಿಲು ಯಾವುದು ಎಂದು ಕಚ್ಚಿಯೇ ತಿಳಿಯಬೇಕು. ಆದರೂ ಮುಖಕ್ಕೆಲ್ಲ ಮಸಿ ಮಾಡಿಕೊಂಡು ಮಕ್ಕಳು ಅದನ್ನು ತಿನ್ನುತ್ತಿದ್ದ ಚಂದ ನೋಡಿ ನನಗೆ ಹೆಮ್ಮೆ ಉಕ್ಕಿ ಬಂತು. ಒಂದು ಫೋಟೋ ತೆಗೆದು, “ನಮ್ಮ ಮಕ್ಕಳ ಸ್ವಾವಲಂಬನೆ” ಎಂದು ಬರೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಜಾಗದ ಲೊಕೇಶನ್ನೂ ಕಳಿಸಿದೆ, ಧೈರ್ಯವಾಗಿರಲಿ ಎಂದು. ಬೇರೆ ಊರಿನವರಾಗಿದ್ದರೆ ಹೆಬ್ಬೆರಳು ಎತ್ತಿ ಸುಮ್ಮನಾಗುತ್ತಿದ್ದರು. ಇಡೀ ಗುಂಪಿನಲ್ಲಿ ಒಂದೇ ಒಂದು ಹೆಬ್ಬೆರಳು ಏಳಲಿಲ್ಲ. ಆ ಮೌನದ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು.

ಬೆಳಿಗ್ಗೆ ಒಂದು ಟೆಂಪೋ ಬಂದು ಮದಗದ ದಂಡೆಯಲ್ಲಿ ನಿಂತಿತು. ಅದರಿಂದ ಇಳಿದವರು ನಮ್ಮ ದಳದ ಅನ್ವಿತಾಳ ತಂದೆ ಶೇಖರಣ್ಣ. ಮುಂಬಯಿಯಲ್ಲಿ ಹೋಟೆಲ್ ಇಟ್ಟವರು, ರಜೆಗೆ ಊರಿಗೆ ಬಂದಿದ್ದರು. ಅವರ ಹಿಂದೆ ಅಡುಗೆಯವರ ಟೋಪಿ ಹಾಕಿಕೊಂಡ ಇಬ್ಬರು ಸ್ಟೀಲಿನ ದೊಡ್ಡ ದೊಡ್ಡ ಪಾತ್ರೆಗಳನ್ನು ಇಳಿಸಿದರು. ನೀರುದೋಸೆ, ಕೋಳಿ ಸಾರು, ಕೇಸರಿಬಾತು, ಕೊನೆಗೆ ಒಂದು ಐಸ್‌ಕ್ರೀಮಿನ ಡಬ್ಬಿ.

“ಎಂತ ಟೀಚರ್ರೆ ಇದ್? ಮಕ್ಳಿಗ್ ಸುಟ್ಟ್ ಬಟಾಟಿ ಕೊಡುದಾ? ಫೋಟೋ ಕಂಡ್ ನಮ್ಮನಿಯವ್ಳ್ ಉಣ್ಲೇ ಇಲ್ಲೆ! ನಂಗ್ ಹೋಟ್ಲ್ ಇದ್ದ್ ಎಂತ ಪ್ರಯೋಜ್ನ ಹೇಳಿ ಕಾಂಬ?” ಎಂದರು ಶೇಖರಣ್ಣ.

ಸಹನಾ ಮುಂದೆ ಬಂದು ಸೆಲ್ಯೂಟ್ ಹೊಡೆದಳು. “ಅಂಕಲ್, ನಾವ್ ಹೊರ್ಗಿನ್ ಊಟ ತಿಂಬುಕಾಗ. ತಿಂದ್ರೆ ಪ್ರಶಸ್ತಿ ಹೋತ್ತ್.”

“ಇದ್ ಹೊರ್ಗಿಂದ್ ಎಂತಕ್ ಆತ್ತ್ ಮಗಾ? ನಮ್ಮನಿದೇ ಅಲ್ದಾ?”

ಈ ವಾದಕ್ಕೆ ಸ್ಕೌಟು ಗೈಡಿನ ಯಾವ ನಿಯಮದಲ್ಲೂ ಉತ್ತರವಿಲ್ಲ. ಆದರೂ ಮಕ್ಕಳು ಬಾಯಿ ಬಿಗಿಹಿಡಿದು ನಿಂತರು. ಶೇಖರಣ್ಣನ ಮೋರೆ ಸಣ್ಣದಾಯಿತು. ಅವರು ನನ್ನ ಕಡೆ ತಿರುಗಿ, “ಟೀಚರ್ರೆ, ನೀವಾರೂ ಒಂದ್ ದೋಸಿ ತಿನ್ನಿ” ಎಂದರು. ಮೊದಲೇ ಹೇಳಿದೆನಲ್ಲ, ನಾನು ಯಾರ ಮನಸ್ಸನ್ನೂ ನೋಯಿಸುವವಳಲ್ಲ. ರಾತ್ರಿ ತಿಂದದ್ದು ಅರ್ಧ ಬಟಾಟೆ, ಅದೂ ಹೆಚ್ಚಿನಂಶ ಇದ್ದಿಲು. ಟೆಂಪೋದ ಆಚೆ ಬದಿಗೆ ಹೋಗಿ ನಿಂತು, ಸಾರಿನಲ್ಲಿ ಅದ್ದಿದ ದೋಸೆ ತಿಂದೆ. ಒಂದು ತಿಂದರೆ ಮುಂಬಯಿಯವರಿಗೆ ಬೇಸರವಾದೀತೆಂದು ಇನ್ನೂ ಕೆಲವು ತಿಂದೆ. ಸಾರು ಮಾತ್ರ, ಮಾರಾಯ್ರೆ, ಏನು ಹೇಳಲಿ, ದೇವರಾಣೆಗೂ ಫಸ್ಟ್ ಕ್ಲಾಸ್!

ಕೈ ತೊಳೆದು ಈಚೆ ಬರುವಷ್ಟರಲ್ಲಿ ಶಿಬಿರದ ನಕ್ಷೆಯೇ ಬದಲಾಗಿತ್ತು. ರಿಕ್ಷಾಗಳಲ್ಲಿ, ಸ್ಕೂಟರುಗಳಲ್ಲಿ ಪೋಷಕರು ಬಂದಿಳಿಯುತ್ತಿದ್ದರು. ಒಬ್ಬರ ಅಜ್ಜಿ ಪತ್ರೊಡೆ ತಂದಿದ್ದರು, ಇನ್ನೊಬ್ಬರ ಚಿಕ್ಕಮ್ಮ ಇಡ್ಲಿ ಬೇಯಿಸುವ ಪಾತ್ರೆಯನ್ನೇ ಎತ್ತಿಕೊಂಡು ಬಂದಿದ್ದರು. ಬಂದವರೆಲ್ಲ ತಮ್ಮೊಳಗೇ ಬಡಿಸಿಕೊಳ್ಳಲು ಸುರುಮಾಡಿದರು. ಥರ್ಮೋಕೋಲಿನ ತಟ್ಟೆಗಳು, ಪ್ಲಾಸ್ಟಿಕ್ ಲೋಟಗಳು. ಕಡಲ ಕಡೆಯಿಂದ ಗಾಳಿ ಬೀಸಿದ್ದೇ ಲೋಟಗಳೆಲ್ಲ ಹಾರಿ ಹೋಗಿ ಮದಗದಲ್ಲಿ ತೇಲತೊಡಗಿದವು. ಹುಂಡುಕೋಳಿಗಳು ಹೆದರಿ ಹುಲ್ಲಿನೊಳಗೆ ನುಗ್ಗಿದವು. ಸಹನಾ ಆ ಲೋಟಗಳನ್ನೇ ನೋಡುತ್ತ ನಿಂತಿದ್ದಳು. ಪರೀಕ್ಷಕರು ಬರುವ ಹೊತ್ತು ಹತ್ತಿರವಾಗುತ್ತಿತ್ತು. ಇವಳ ಪ್ರಶಸ್ತಿ ಕೈತಪ್ಪಿದರೆ ಅದಕ್ಕೆ ನನ್ನ ಫೋಟೋವೇ ಕಾರಣ.

ಆಗ ಸಹನಾ ತನ್ನ ಸೀಟಿ ಊದಿದಳು. ಎಲ್ಲರೂ ಬೆಚ್ಚಿ ತಿರುಗಿದರು.

“ಎಲ್ಲರೂ ಕೂಕಣಿ! ನಿಮ್ಮ್ ಊಟ ನಾವ್ ತಿಂಬುಕಾಗ. ನಮ್ಮ್ ಊಟ ನೀವ್ ತಿನ್ಲಕ್ಕಲ್ದಾ? ನಮ್ಮ್ ಡೇರೆಗ್ ಬಂದವ್ರ್ ಉಣ್ದೆ ಹೋಪುಕಿಲ್ಲೆ!”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೀವಮಾನವಿಡೀ ಇನ್ನೊಬ್ಬರನ್ನು ಒತ್ತಾಯಿಸಿ ಉಣ್ಣಿಸಿದವರು, ಈಗ ಬೇಡ ಎನ್ನುವುದು ಹೇಗೆ? ಕುಳಿತರು. ಹುಡುಗಿಯರು ಅರಿಶಿನದ ಎಲೆ ಹಾಕಿ ಮಧ್ಯಾಹ್ನಕ್ಕೆಂದು ಬೇಯಿಸಿದ್ದ ಬೊಂಡದ ಚಿಪ್ಪಿನ ಅನ್ನ, ಸುಟ್ಟ ಬಟಾಟೆ ಬಡಿಸಿದರು. ಶೇಖರಣ್ಣ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. “ಇನ್ನೊಂದ್ ಹಾಕ್ಲಾ ಅಂಕಲ್?” ಎಂದು ಕೇಳಿದ್ದಕ್ಕೆ “ಬ್ಯಾಡ, ಬ್ಯಾಡ” ಎಂದರು. ಬೇಡ ಎಂದರೆ ನಾಚಿಕೆಯೆಂದು ಮಕ್ಕಳಿಗೂ ಗೊತ್ತಿರುವುದರಿಂದ ಇನ್ನೆರಡು ಬಿದ್ದವು. ಉಂಡಾದ ಮೇಲೆ ಸಹನಾ, “ತಂದದ್ ಪ್ಲಾಸ್ಟಿಕ್ ಎಲ್ಲ ಅವ್ರವ್ರೇ ವಾಪಸ್ ತಕಂಡ್ ಹೋಯ್ಕ್. ನೀರಂಗ್ ಬಿದ್ದದ್ದೂ” ಎಂದಳು. ಉಂಡ ಋಣ ನೋಡಿ! ಮುಂಬಯಿಯ ಹೋಟೆಲ್ ಮಾಲೀಕರು ಪ್ಯಾಂಟು ಮಡಚಿ, ಕಪ್ಪು ಹಲ್ಲು ತೋರಿಸಿ ನಗುತ್ತ ಮದಗಕ್ಕಿಳಿದರು. ಟೋಪಿಯ ಇಬ್ಬರೂ ಹಿಂದೆಯೇ ಇಳಿದರು.

ಅಷ್ಟರಲ್ಲಿ ಗುಲಾಬಕ್ಕ ಬಂದರು. ಪೇಟೆಯಲ್ಲಿ ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ನೇರ ಬಂದದ್ದು. ಬುಟ್ಟಿಯೊಳಗೆ ಬಟ್ಟೆ ಸುತ್ತಿದ ಒಂದು ಡಬ್ಬಿ. “ಬಂಗುಡೆ ಸಾರ್ ಮಗಾ. ಬೆಳಿಗ್ಗೆ ಬೇಗ ಎದ್ದ್ ಮಾಡದ್ದ್” ಎಂದರು.

ಸಹನಾ ತಲೆ ತಗ್ಗಿಸಿದಳು. “ನಾ ತಿಂಬುಕಾಗ ಅಮ್ಮ.”

ಗುಲಾಬಕ್ಕನ ಮುಖ ನೋಡಲು ನನ್ನಿಂದಾಗಲಿಲ್ಲ. ಒಂದು ಡಬ್ಬಿ ಸಾರಿಗೆ ಏನಾಗುತ್ತದೆ, ತಿಂದುಬಿಡು ಎಂದು ಕೂಗಿ ಹೇಳೋಣ ಅನ್ನಿಸಿತು. ಆದರೆ ಸಹನಾ ತಾಯಿಯ ಕೈ ಹಿಡಿದು ಕೂರಿಸಿ, ಎಲೆ ಹಾಕಿ, ಇದ್ದುದರಲ್ಲಿ ಚೆನ್ನಾಗಿ ಬೆಂದ ಅನ್ನವನ್ನೇ ಆರಿಸಿ ಬಡಿಸಿದಳು. ಬಟಾಟೆಯ ಕಪ್ಪನ್ನು ಉಗುರಿನಲ್ಲಿ ಕೆರೆದು ಕೊಟ್ಟಳು. ಗುಲಾಬಕ್ಕ ಸೆರಗಿಗೆ ಕೈ ಒರೆಸಿಕೊಂಡರು. “ನಾ ಕೂಕಂಡ್, ಒಬ್ರ್ ಬಡ್ಸಿ, ನಾ ಉಂಡದ್ದ್ ಯಾವಾಗ್ಳೋ ನೆನ್ಪೇ ಇಲ್ಲೆ ಟೀಚರ್ರೆ” ಎಂದು ಹೇಳಿ ತಲೆ ಬಗ್ಗಿಸಿ ಉಂಡರು. ಒಂದು ಅಗುಳೂ ಬಿಡಲಿಲ್ಲ. ನಾನು ಸೀಟಿಯನ್ನು ಒರೆಸುವ ನೆಪದಲ್ಲಿ ಆಚೆ ತಿರುಗಿ ಚೆನ್ನಾಗಿ ಅತ್ತುಬಿಟ್ಟೆ.

ಪರೀಕ್ಷಕರು ಸ್ಕೂಟರಿನಲ್ಲಿ ಬಂದಾಗ ಮದಗ ಕನ್ನಡಿಯಂತಿತ್ತು. ಟೆಂಪೋ ಮತ್ತು ಪೋಷಕರ ಹೊರತು ಹೊರಗಿನದು ಏನೂ ಕಾಣಿಸುತ್ತಿರಲಿಲ್ಲ. ನಗುವ ಅಭ್ಯಾಸವಿಲ್ಲದ ಮನುಷ್ಯ. ಡೇರೆ ನೋಡಿದರು, ಗಂಟು ಎಳೆದು ನೋಡಿದರು, ಒಲೆಯ ಬೂದಿ ಕೆದಕಿದರು, ಎಲೆ ಹೂತ ಗುಂಡಿಯನ್ನೂ ಬಿಡಲಿಲ್ಲ. ಕೊನೆಗೆ ಸಹನಾಳನ್ನು ನಿಲ್ಲಿಸಿ, “ಇಷ್ಟು ಜನ ಬಂದಿದ್ದಾರಲ್ಲ, ಶಿಬಿರದಲ್ಲಿರುವವರು ಯಾರಾದರೂ ಹೊರಗಿನ ಊಟ ಮುಟ್ಟಿದ್ದೀರಾ? ನಿಜ ಹೇಳು” ಎಂದರು.

ಗೈಡ್ ಆದವಳು ಸುಳ್ಳು ಹೇಳಕೂಡದು. ಅದನ್ನು ಅವಳಿಗೆ ಕಲಿಸಿದವಳು ನಾನೇ, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು. ಸಹನಾ ನನ್ನನ್ನು ನೋಡಿದಳು, ಪರೀಕ್ಷಕರನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನಾನು ಮೆಲ್ಲಗೆ ತಲೆಯಾಡಿಸಿದೆ, ಹೇಳು ಮಗಾ ಎನ್ನುವಂತೆ.

“ಮಕ್ಳ್ ಯಾರೂ ತಿನ್ಲಿಲ್ಲೆ ಸರ್. ಟೀಚರ್ ತಿಂದ್ರ್.”

“ಎಷ್ಟು?” ಎಂದರು ಪರೀಕ್ಷಕರು, ನನ್ನ ಕಡೆ ತಿರುಗಿ.

ಉತ್ತರವನ್ನು ಶೇಖರಣ್ಣ ಕಾಲು ತೊಳೆಯುತ್ತ ಮದಗದ ನೀರಿನಲ್ಲಿ ನಿಂತೇ ಕೊಟ್ಟರು. “ಪಾಪ, ಸಮಾ ಹಸಿವ್ ಇತ್ತ್ ಸರ್ ಅವ್ರಿಗೆ!” ಪರೀಕ್ಷಕರು ನಗುವುದನ್ನು ನಾನು ಮೊದಲ ಸಲ ಕಂಡದ್ದು ಆಗ.

ಪ್ರಶಸ್ತಿ ಮಕ್ಕಳಿಗೆ ಬಂತು, ಎಲ್ಲರಿಗೂ. ಶಾಲೆಯ ಅಂಗಳದಲ್ಲಿ ಸಹನಾಳ ಹೆಸರು ಕರೆದಾಗ ಗುಲಾಬಕ್ಕ ಬುಟ್ಟಿ ಕೆಳಗಿಟ್ಟು ಎದ್ದು ನಿಂತು ಚಪ್ಪಾಳೆ ಹೊಡೆದರು, ಕೂರಲು ಹೇಳಿದರೂ ಕೂರಲಿಲ್ಲ. ನನಗೂ ಒಂದು ಬಂತು, ಪ್ರಶಸ್ತಿಯಲ್ಲ. ಕ್ಯಾಪ್ಟನ್ ಆದವರಿಗೆ ಸ್ವಾವಲಂಬನೆಯ ತರಬೇತಿ ತೀರಾ ಅಗತ್ಯವಿದೆಯೆಂದೂ, ಕೊಲ್ಲೂರಿನ ಕಡೆ ಕಾಡಿನಂಚಿನಲ್ಲಿ ನಡೆಯುವ ಶಿಬಿರಕ್ಕೆ ಹಾಜರಾಗಿ ನನ್ನ ಅಡುಗೆ ನಾನೇ ಮಾಡಿಕೊಂಡು ಉಣ್ಣತಕ್ಕದ್ದೆಂದೂ ಆದೇಶ. ಸಹನಾ ಬಂದು, “ಹೆದ್ರಬೇಡಿ ಟೀಚರ್, ಬೊಂಡದ್ ಚಿಪ್ಪಂಗ್ ಅನ್ನ ಮಾಡುಕೆ ನಾ ಕಲ್ಸತೆ” ಎಂದು ಧೈರ್ಯ ಹೇಳಿದ್ದಾಳೆ.

ನಾಳೆ ಹೊರಡಬೇಕು. ಈ ಸಲ ನಾನು ಬಹಳ ಕಟ್ಟುನಿಟ್ಟು. ಮನೆಯವರಿಗೆ ಈಗಲೇ ಕೂರಿಸಿ ಹೇಳಿದ್ದೇನೆ. ಶಿಬಿರದ ಕಡೆ ತಲೆ ಹಾಕಕೂಡದು, ಕೋಳಿ ಸಾರು ತರಲೇಕೂಡದು. ಅಪ್ಪಿತಪ್ಪಿ ತಂದರೂ, ಎದುರಿನ ಗೇಟಿನಿಂದ ಬರಕೂಡದು.