ಯಲ್ಲಪ್ಪ ಆರಿಸಿದ ಹಳದಿ ದೀಪ

ಹಳದಿ ದೀಪ ಕಣ್ಣು ಹೊಡೆಯುತ್ತಿತ್ತು. ತನ್ನ ಇಪ್ಪತ್ತೆರಡು ವರ್ಷದ ಸರ್ವಿಸ್ಸನ್ನೇ ಅದು ಗೇಲಿ ಮಾಡುತ್ತಿದೆ ಎನಿಸಿ, ಯಲ್ಲಪ್ಪ ಹಿಂದೆಮುಂದೆ ನೋಡದೆ ಅದರ ಸ್ವಿಚ್ ಆರಿಸಿಬಿಟ್ಟ.

ನಾಗಪುರದ ಪಕ್ಕ, ಕಳಮೇಶ್ವರದ ಬಿಸ್ಕತ್ತು ಕಾರ್ಖಾನೆಯ ಭಟ್ಟಿ ಅವನ ಕೈಯಲ್ಲಿತ್ತು. ಭಟ್ಟಿ ವಿಭಾಗಕ್ಕೆ ಹೊಸ ಇನ್‌ಚಾರ್ಜ್ ಯಾರೆಂದು ಮ್ಯಾನೇಜರ್ ಶ್ರೀಕಾಂತ ಸಾಹೇಬರು ಅವತ್ತು ಸಂಜೆ ಹೇಳುವವರಿದ್ದರು. ಭಟ್ಟಿಯ ಶಾಖ ನೋಡಿಕೊಂಡು ಗ್ಯಾಸಿನ ವಾಲ್ವನ್ನು ತಾನೇ ತೆರೆದು ಮುಚ್ಚುವ ಆ ದೀಪದ ಡಬ್ಬಿ ಕೂರಿಸಿದವಳು ಧಾರವಾಡದ ಹೊಸ ಇಂಜಿನಿಯರ್ ಸ್ವಪ್ನಾ.

ಬೆಳಗಿನಿಂದ ಗ್ಯಾಸಿನ ಒತ್ತಡ ಇಳಿದಿತ್ತು. ವಾಲ್ವ್ ಪೂರ್ತಿ ತೆರೆದಿದ್ದರೂ ಭಟ್ಟಿ ಕಾಯದು. ಪ್ಯಾಕಿಂಗ್‌ನ ಮುಖ್ಯಸ್ಥೆ ಕಾಶಿಬಾಯಿ ಗಳಿಗೆಗೊಮ್ಮೆ ಬಂದು ಇಣುಕಿದಳು.

"ಯಲ್ಲಪ್ಪಣ್ಣಾ, ಬಿಸ್ಕಿಟ್ ಬೇಯ್ಸಾಕ ಹತ್ತೀರೋ, ಒಣಗ್ಸಾಕ ಹತ್ತೀರೋ?"

"ಹಳೇ ಮಷಿನ್ ಬರೋಬರ್ ಇತ್ತು. ಆ ಹುಡುಗಿ ಬಂದ ಮ್ಯಾಲೆ ಹಿಂಗ ಆಗೇತಿ!"

ಸಿಟ್ಟು ನೆತ್ತಿಗೇರಿ ಕಾರ್ಖಾನೆಯ ವಾಟ್ಸಾಪ್ ಗ್ರೂಪಿಗೆ ಬರೆದ: 'ಸ್ವಪ್ನಾ ಮೇಡಮ್ಮಿನ ಡಬ್ಬಿ ತೆಗೆಸಿ.' ತಗಡಿನ ಶೆಡ್ಡಿನಲ್ಲಿ ನೆಟ್‌ವರ್ಕ್ ಇರಲಿಲ್ಲ, ಮೆಸೇಜ್ ಹೋಗಲಿಲ್ಲ. ಇನ್ನಷ್ಟು ಖಾರವಾಗಿ ಮತ್ತೊಂದು ಬರೆದ. ಅದೂ ಹೋಗಲಿಲ್ಲ. ಕಾಶಿಬಾಯಿ ಇಣುಕಿದಾಗಲೆಲ್ಲ ಒಂದೊಂದು. ಹನ್ನೊಂದನೆಯದು: 'ಇಲ್ಲಿ ಅವಳಿರಬೇಕು, ಇಲ್ಲಾ ನಾನಿರಬೇಕು!'

ಮಧ್ಯಾಹ್ನ ಗ್ಯಾಸ್ ಬಂತು, ಭಟ್ಟಿ ಕಾಯಿತು. ಕಾದ ಮೇಲೂ ವಾಲ್ವ್ ಮುಚ್ಚಲೊಲ್ಲದು, ಹೊಟ್ಟೆ ತುಂಬಿದರೂ ಎಲೆ ಬಿಟ್ಟೇಳದ ಬೀಗನ ಹಾಗೆ. ಬಿಸ್ಕತ್ತುಗಳು ಇದ್ದಿಲ ಬಿಲ್ಲೆಗಳಾಗಿ ಹೊರಬಿದ್ದವು.

ಸ್ವಪ್ನಾ ಓಡಿಬಂದು ಗ್ಯಾಸ್ ನಿಲ್ಲಿಸಿದಳು. "ಕಾಕಾ, ಈ ದೀಪ ಯಾರ್ ಆಫ್ ಮಾಡ್ಯಾರ?"

"ಅದು ಸುಮ್ನ ಮಿಣುಕಾಕ ಹತ್ತಿತ್ತು..."

"ವಾಲ್ವ್ ಪೂರಾ ತೆರದೈತಿ, ಕಡಿಮಿ ಬಿದ್ದ ಶಾಖದ ಬಾಕಿ ಇನ್ನ ಕೂಡಿಸೋದು ಸಾಕು ಅಂತ ಡಬ್ಬಿಗೆ ಹೇಳೋದು ಅದ. ಇಲ್ಲಂದ್ರ 'ಶಾಖ ಸಾಲ್ದು, ಸಾಲ್ದು' ಅಂತ ಬೆಳಗಿಂದ ಬಾಕಿ ಕೂಡಿಸ್ಕೋತ ಹೋಗ್ತೈತಿ. ಆಮ್ಯಾಲೆ ಗ್ಯಾಸ್ ಬಂದ್ರೂ, ಕೂಡಿಟ್ಟ ಬಾಕಿ ಕರಗೂತನಾ ವಾಲ್ವ್ ಮುಚ್ಚಂಗಿಲ್ರಿ."

ಮಗಳ ವಯಸ್ಸಿನವಳು. ಒಂದು ಮಾತೂ ಗದರಲಿಲ್ಲ. ಯಲ್ಲಪ್ಪನ ತಲೆ ತಗ್ಗಿತು.

"ತಪ್ಪಾತವ್ವಾ. ಬಾಯಿ ಜೋರ ನಂದು, ಬುದ್ಧಿ ಕಮ್ಮಿ."

"ಇರ್ಲಿ ಬಿಡ್ರಿ ಕಾಕಾ. ಇನ್‌ಚಾರ್ಜಿಗೆ ಬೆಳಿಗ್ಗೆನ ನಿಮ್ಮ ಹೆಸರ ಹೇಳೇನಿ ಸಾಹೇಬ್ರಿಗೆ."

ಅವಳು ಆಫೀಸಿನ ಕಡೆ ಹೋದಳು. ಕಣ್ಣು ತುಂಬಿಬಂದು ಯಲ್ಲಪ್ಪ ಮುಖ ತೊಳೆಯಲು ಹೊರಗಿನ ನಲ್ಲಿಗೆ ಬಂದ. ಆಗ ನೆನಪಾಯಿತು. ಒದ್ದೆ ಕೈಯಲ್ಲೇ ಫೋನ್ ತೆಗೆದ. ಹೊರಗೆ ನೆಟ್‌ವರ್ಕ್ ಇತ್ತು. ಬೆಳಗಿನಿಂದ ತಡೆದು ನಿಂತಿದ್ದ ಮೆಸೇಜುಗಳು ಅವನ ಕಣ್ಣೆದುರೇ ಒಂದರ ಹಿಂದೊಂದು ಹೊರಟವು. ಒದ್ದೆ ಬೆರಳು ಜಾರುತ್ತಿತ್ತು. ಒಂದನ್ನು ಅಳಿಸುವಷ್ಟರಲ್ಲಿ ಹನ್ನೊಂದೂ ಹೋಗಿ ಮುಟ್ಟಿದ್ದವು.

ಆಫೀಸಿನ ಬಾಗಿಲಲ್ಲಿ ಸ್ವಪ್ನಾ ತನ್ನ ಫೋನ್ ನೋಡುತ್ತ ನಿಂತುಬಿಟ್ಟಳು. ಅವನ ಕಡೆ ತಿರುಗಲಿಲ್ಲ.

ಸಾಹೇಬರ ಉತ್ತರ ಕೂಡಲೇ ಬಂತು: 'ಸರಿ. ಅವಳಿರಲಿ. ನಾಳೆಯಿಂದ ನೀವು ಪ್ಯಾಕಿಂಗಿಗೆ.'

ಕಾಶಿಬಾಯಿ ಆಗಲೇ ಪ್ಯಾಕಿಂಗಿನ ನೀಲಿ ಟೋಪಿ ಹಿಡಿದು ನಿಂತಿದ್ದಳು.

"ಬರ್ರಿ ಅಣ್ಣಾ. ನಮ್ಮ ಕಡೆ ಯಾವ ದೀಪಾನೂ ಇಲ್ರಿ."