ಇಳಿಯದ ಬಲಗೈ

ನಲವತ್ತು ವರ್ಷ ಗಿರಣಿಯ ಗೇಟಿನ ಮುಂದೆ ಎದ್ದು ನಿಂತ ನನ್ನ ಬಲಗೈ ಒಂದು ಬೆಳಗ್ಗೆ ಅಂಗಿಯ ತೋಳಿನೊಳಗೇ ಮುಷ್ಕರ ಹೂಡಿತು. ಭುಜದಿಂದ ಮೇಲೆ ಏಳುವುದಿಲ್ಲ ಅಂದರೆ ಏಳುವುದಿಲ್ಲ. ಬೇಡಿಕೆ ಏನೆಂದೂ ಹೇಳುವುದಿಲ್ಲ. (ನಾವಾದರೂ ಕರಪತ್ರ ಹಂಚಿ ಆಮೇಲೆ ಕೂರುತ್ತಿದ್ದೆವು.) ಕಾರ್ಮಿಕ ಸಂಘದಲ್ಲಿ ನನ್ನನ್ನು ಕರೆಯುವುದೇ ಮುಷ್ಟಿಯಣ್ಣ ಅಂತ. ಈಗ ಮುಷ್ಟಿಯಣ್ಣ ತಲೆ ಬಾಚಿಕೊಳ್ಳಲು ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು.

ಅದನ್ನಾದರೂ ಸಹಿಸುತ್ತಿದ್ದೆ. ಆದರೆ ಇನ್ನು ಆರು ವಾರಕ್ಕೆ ಸಂಘದ ಮಹಾಸಭೆಯಿತ್ತು. ನಮ್ಮ ಸಭಾಂಗಣವನ್ನು (ಹೆಸರು ದೊಡ್ಡದು, ತಗಡಿನ ಸೂರು, ಎರಡು ಫ್ಯಾನು, ಒಂದು ತಿರುಗುತ್ತದೆ) ಮಂಚ ಕುರ್ಚಿ ಮಾರುವ ಅಂಗಡಿಯವನಿಗೆ ಗೋದಾಮು ಮಾಡಿಕೊಡಬೇಕೆಂದು ಕೆಲವರು ಹೊರಟಿದ್ದರು. ಆ ಗೋಡೆಗೆ ಇಟ್ಟಿಗೆ ಹೊತ್ತವನು ನಾನು. ಒಂದೊಂದು ಮತಕ್ಕೂ ಎಳೆದಾಟವಿತ್ತು.

ಎಡಗೈ ಎತ್ತಿದರಾಯಿತಲ್ಲ ಅನ್ನಬೇಡಿ. ಹಿಂದೊಮ್ಮೆ ನೇಯ್ಗೆ ವಿಭಾಗದವನೊಬ್ಬ ಎರಡೂ ಕೈ ಎತ್ತಿ ಎರಡು ಮತವಾಗಿ ಎಣಿಕೆಯಾದ. ಅವತ್ತು ಮೇಜು ಗುದ್ದಿ ನಿಯಮ ಬರೆಸಿದ್ದೆ: ಬಲಗೈ ಮಾತ್ರ, ತಲೆಗಿಂತ ಮೇಲೆ, ಎತ್ತಿದ ಮೇಲೆ ಹಿಂತೆಗೆದುಕೊಳ್ಳುವಂತಿಲ್ಲ. ಬರೆಸಿದ ಮಹಾನುಭಾವ ನಾನೇ.

ಡಾಕ್ಟರು, ಕೀಲು ಬಿಗಿದಿದೆ, ನಿಧಾನಕ್ಕೆ ಸರಿಹೋಗುತ್ತದೆ ಅಂದರು. ನಿಧಾನ ಅನ್ನುವ ಮಾತು ಮಾಲೀಕರ ಬಾಯಲ್ಲೇ ಕೇಳಿ ಕೇಳಿ ನನಗೆ ಅಲರ್ಜಿ. ಬಟ್ಟೆ ಒಣಹಾಕುವ ಹಗ್ಗವನ್ನು ಬಚ್ಚಲಿನ ಬಾಗಿಲ ಮೇಲಿಂದ ಇಳಿಬಿಟ್ಟು, ಒಂದು ತುದಿ ಬಲಗೈಗೆ ಬಿಗಿದು, ಇನ್ನೊಂದನ್ನು ಎಡಗೈಯಲ್ಲಿ ಜಗ್ಗಿದೆ. ಕೈ ಮೇಲೆ ಬರಲಿಲ್ಲ. ಬಾಗಿಲು ಕೆಳಗೆ ಬಂತು.

ಹೆಂಡತಿ ಬಂದು ಬಾಗಿಲ ಅಡಿಯಿಂದ ನನ್ನನ್ನು ಎಳೆದಳು. "ರೀ, ನಿಮ್ಮ ಭುಜ ಏನು ಗಿರಣಿ ಮಾಲೀಕನಾ, ಘೇರಾವ್ ಹಾಕೋಕೆ?"

ಇವಳು ಯೋಗದ ಟೀಚರು. ದಿನಾ ಬೆಳಗ್ಗೆ ಅದೇ ಸಭಾಂಗಣದಲ್ಲಿ ಪಾಠ. ಉಸಿರಾಡೋದನ್ನು ಕಲಿಸೋಕೂ ಒಬ್ಬರು ಬೇಕಾ ಅಂತ ಇಪ್ಪತ್ತು ವರ್ಷ ಆಡಿಕೊಂಡಿದ್ದೇನೆ. ಅವಳು ಅದನ್ನೆಲ್ಲ ಮರೆತಿಲ್ಲ. ಆದರೂ ನನ್ನನ್ನು ಅಡುಗೆಮನೆಯ ಗೋಡೆಯ ಮುಂದೆ ನಿಲ್ಲಿಸಿದಳು.

"ಬೆರಳು ಗೋಡೆ ಮೇಲಿಡಿ. ಇರುವೆ ಹತ್ತೋ ಹಾಗೆ ಹತ್ತಿಸಿ. ನೋವು ಶುರುವಾದಲ್ಲಿ ನಿಲ್ಲಿ, ಮೂರು ಉಸಿರು. ಇಳಿಸೋವಾಗ ಅದರ ಎರಡರಷ್ಟು ಹೊತ್ತು. ಧೊಪ್ಪಂತ ಬಿಟ್ಟರೆ ತಿಂಗಳ ಕೆಲಸ ಹಾಳು."

"ಇರುವೆ ಎಷ್ಟೊತ್ತಿಗೆ ತಲುಪುತ್ತೆ ಕಣೆ?"

"ಅದನ್ನ ಇರುವೆ ಕೇಳಲ್ಲ. ಮಾತಾಡದೆ ಹತ್ತಿಸಿ."

ಬೆರಳು ನಿಂತಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದಳು. ಮೂರನೇ ದಿನ ನಾನು ತುದಿಗಾಲಲ್ಲಿ ನಿಂತು ನಾಲ್ಕು ಬೆರಳು ಮುಂದೆ ಹೋದೆ. ಅವಳು ನನ್ನ ಹಿಮ್ಮಡಿ ನೋಡಿ, ಗೆರೆ ಅಳಿಸಿ, ಸಾರಿಗೆ ಒಗ್ಗರಣೆ ಹಾಕಲು ಹೋದಳು. ಪೊಲೀಸರ ಲಾಠಿಗೂ ಅಷ್ಟು ನಾಚಿರಲಿಲ್ಲ. ಅವತ್ತಿನಿಂದ ಇರುವೆಯಾದೆ. ಗೆರೆಗಳು ಮಸಾಲೆ ಡಬ್ಬಿಯ ಶೆಲ್ಫು ದಾಟಿ ಗಡಿಯಾರದ ಹತ್ತಿರ ಬಂದವು.

ಮಹಾಸಭೆಯ ದಿನ. ಗೋದಾಮಿನ ಪರ ಇಪ್ಪತ್ತೆರಡು. ವಿರೋಧಕ್ಕೆ ಇಪ್ಪತ್ತೆರಡು, ಜೊತೆಗೆ ನನ್ನ ಕೈ. ಅದು ಇನ್ನೂ ಎದೆಮಟ್ಟದಲ್ಲಿತ್ತು.

ಕಾರ್ಯದರ್ಶಿ ಕನ್ನಡಕ ಇಳಿಸಿ ನೋಡಿದ. "ಮುಷ್ಟಿಯಣ್ಣ, ಅದು ಮತಾನೋ, ಎದೆ ಕೆರ್ಕೊಳ್ತಿದ್ದೀಯೋ?"

"ಬರ್ತಾ ಇದೆ, ಇರೋ."

"ಬೇಗ ಎತ್ತಪ್ಪ. ಜನ ಮನೆಗೆ ಹೋಗ್ಬೇಕು."

"ಇಷ್ಟು ಹೊತ್ತಿನೊಳಗೆ ಅಂತ ನಿಯಮದಲ್ಲಿ ಬರೆದಿದೆಯೇನೋ?"

ಪುಸ್ತಕ ತಿರುವಿದ. ಬರೆದಿರಲಿಲ್ಲ. ಇಡೀ ಸಭೆ ನನ್ನ ಕಂಕುಳನ್ನೇ ನೋಡುತ್ತ ಕೂತಿತು. ಕೈ ಕಿವಿಯ ಹತ್ತಿರ ಬಂದಾಗ ನೋವು ಹಿಡಿಯಿತು. ಒಮ್ಮೆ ಜಾಡಿಸಿಬಿಡಲಾ ಅನ್ನಿಸಿತು. ನನ್ನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೂರು ಬೆರಳು ತೋರಿಸಿದಳು. ಮೂರು ಉಸಿರು. ನಿಂತೆ. ಮತ್ತೆ ಹತ್ತಿಸಿದೆ. ಬೆರಳು ತಲೆಗೂದಲು ದಾಟಿತು.

"ಇಪ್ಪತ್ಮೂರು," ಅಂದ ಕಾರ್ಯದರ್ಶಿ. ಸಭಾಂಗಣ ಉಳಿಯಿತು. ಚಪ್ಪಾಳೆಗೆ ಸೂರಿನ ತಗಡು ಅದುರಿತು. ಯಾರೂ ನೋಡದ ಹಾಗೆ ಎಡಗೈಯಲ್ಲಿ ಕಣ್ಣೊರೆಸಿಕೊಂಡು, ಟೀಚರ ಪಾಠದಂತೆ, ಎರಡರಷ್ಟು ಹೊತ್ತು ತೆಗೆದುಕೊಂಡು ಕೈ ಇಳಿಸತೊಡಗಿದೆ.

ಅಷ್ಟರಲ್ಲಿ ಅಧ್ಯಕ್ಷರು, "ಮುಂದಿನ ವಿಷಯ. ಉಳಿಸಿಕೊಂಡದ್ದಾಯ್ತು. ದಿನಾ ಬೆಳಗ್ಗೆ ಐದಕ್ಕೆ ಬೀಗ ತೆಗೆದು, ಗುಡಿಸಿ, ಕಕ್ಕಸು ತೊಳೆಯೋರು ಯಾರು? ಒಪ್ಪಿಕೊಳ್ಳೋರು ಕೈ ಎತ್ತಿ" ಅಂದರು.

ತಲೆಗಿಂತ ಮೇಲಿದ್ದದ್ದು ಒಂದೇ ಕೈ.

"ಇದು ಹೋದ ಮತದ್ದು ಕಣ್ರೋ, ಇಳೀತಾ ಇದೆ" ಅಂದೆ. ಕಾರ್ಯದರ್ಶಿ ನಿಯಮ ಓದಿದ. ಎತ್ತಿದ ಮೇಲೆ ಹಿಂತೆಗೆದುಕೊಳ್ಳುವಂತಿಲ್ಲ. ಅವಿರೋಧ ಆಯ್ಕೆ.

ದಾರಿಯಲ್ಲಿ ಹೆಂಡತಿಯನ್ನು ಕೇಳಿದೆ, "ಕೈ ಕೆಳಗೆ ಹಾಕಿ ಅಂತ ಒಂದು ಸನ್ನೆ ಮಾಡಬಾರದಿತ್ತಾ?"

"ಧೊಪ್ಪಂತ ಬಿಟ್ಟಿದ್ರೆ ಹಾಳಾಗ್ತಿತ್ತಲ್ಲ. ಮತ್ತೆ, ಇಷ್ಟು ವರ್ಷ ಅಲ್ಲಿ ಗುಡಿಸ್ತಿದ್ದೋರು ಯಾರು ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ.

ಈಗ ಐದಕ್ಕೆ ನಾನೇ ಬೀಗ ತೆಗೆಯುತ್ತೇನೆ. ಗುಡಿಸಿ, ಅವಳ ಪಾಠಕ್ಕೆ ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂರುತ್ತೇನೆ. ತಲೆ ನಾನೇ ಬಾಚಿಕೊಳ್ಳುತ್ತೇನೆ. ಈ ಕೈ ನನಗೆ ವಾಪಸು ಕೊಟ್ಟವಳು ಅವಳು; ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಅದಕ್ಕೇ ಮೊನ್ನೆ, ಖುಷಿಪಡಲಿ ಅಂತ, ಸಭಾಂಗಣದ ಕಿಟಕಿಯ ಮೇಲಿನ ಜೇಡರಬಲೆಯನ್ನು ಬಲಗೈ ನೀಡಿ ತೆಗೆದು ತೋರಿಸಿದೆ.

ನಿಜಕ್ಕೂ ಖುಷಿಪಟ್ಟಳು. ಈಗ ಮನೆಯ ಜೇಡರಬಲೆಯೂ ನನ್ನದೇ.