ತಿರುಗು ಗೇಟಿನಲ್ಲಿ ಮೇಷ್ಟ್ರು

ನಗರದ ದೊಡ್ಡ ಉದ್ಯಾನಕ್ಕೆ ಅಗಲವಾದ ಹೊಸ ಗೇಟು ಬಂದು ವರ್ಷಗಳೇ ಕಳೆದಿದ್ದರೂ ಪಾರ್ಕ್ ಮೇಷ್ಟ್ರು ಮಾತ್ರ ಹಳೆಯ ತಿರುಗು ಗೇಟಿನಲ್ಲೇ ಒಳಹೋಗುತ್ತಿದ್ದರು. ಇತಿಹಾಸ ಕಲಿಸಿ ನಿವೃತ್ತರಾದ ಅವರು ಆ ಉದ್ಯಾನದ ಚರಿತ್ರೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿ ಹೇಳಿ ಆ ಅಡ್ಡಹೆಸರು ಸಂಪಾದಿಸಿದ್ದರು. ರಸ್ತೆ ಅಗಲ ಮಾಡಲು ನಗರಸಭೆ ಆ ಹಳೆಯ ಗೇಟನ್ನು ಕೀಳಲು ಹೊರಟಾಗಲೆಲ್ಲ ಅಡ್ಡ ನಿಂತವರೂ ಅವರೇ.

ನಿವೃತ್ತಿಯ ನಂತರ ಮೇಷ್ಟ್ರಿಗೆ ಹೊಟ್ಟೆ ಬಂದಿತ್ತು, ಗೇಟಿಗೆ ತುಕ್ಕು ಹಿಡಿದಿತ್ತು. ಆ ಬೆಳಿಗ್ಗೆ ಎರಡೂ ಮುಖಾಮುಖಿಯಾಗಿ, ಕಬ್ಬಿಣದ ಕಂಬಿಗಳ ನಡುವೆ ಮೇಷ್ಟ್ರು ಬಾಟಲಿಯ ಬಿರಡೆಯಂತೆ ಕೂತುಬಿಟ್ಟರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಮೊದಲು ಬಂದವರು ಪಕ್ಕದ ಮನೆಯ ಬ್ಯಾಂಕ್ ಮ್ಯಾನೇಜರ್. ಉಸಿರು ಬಿಗಿಹಿಡಿಯಲು ಹೇಳಿ ಹಿಂದಿನಿಂದ ತಳ್ಳಿದರು. ಅದೇ ಹೊತ್ತಿಗೆ ಔಷಧಿ ಅಂಗಡಿಯವನು ತಾನೂ ಉಪಕಾರ ಮಾಡೋಣವೆಂದು ಮುಂದಿನಿಂದ ತಳ್ಳಿದ. ಕಂಬಿ ಇನ್ನಷ್ಟು ಬಿಗಿಯಾಯಿತು. ಯಾರೋ ಎಣ್ಣೆ ತಂದು ಸುರಿದರು. ಅದನ್ನು ಗೇಟಿಗಿಂತ ಮೇಷ್ಟ್ರ ಇಸ್ತ್ರಿ ಅಂಗಿಯೇ ಹೆಚ್ಚು ಕುಡಿಯಿತು. ಸುದ್ದಿ ಕೇಳಿ ಓಡಿಬಂದ ಹೆಂಡತಿ, “ಪಕ್ಕದಲ್ಲೇ ಲಾರಿ ಹೋಗೋ ಅಷ್ಟು ದೊಡ್ಡ ಗೇಟಿದೆಯಲ್ಲ ರೀ” ಎಂದಷ್ಟೇ ಹೇಳಿ ಸೆರಗಿನಿಂದ ಅವರ ಬೆವರು ಒರೆಸಿದಳು.

ನಗರಸಭೆಗೆ ಫೋನ್ ಹೋಯಿತು. ಉದ್ಯಾನ ವಿಭಾಗದ ಅಧಿಕಾರಿ ಬಂದು, ಗೇಟು ರಸ್ತೆಯವರಿಗೆ ಸೇರಿದ್ದೆಂದು ಕೈತೊಳೆದುಕೊಂಡರು. ರಸ್ತೆಯ ಎಂಜಿನಿಯರ್ ಬಂದು ಸುತ್ತಲೂ ನೋಡಿ, ಇವರ ಬೆನ್ನು ರಸ್ತೆಯಲ್ಲಿರುವುದು ನಿಜ, ಆದರೆ ಸಿಕ್ಕಿಕೊಂಡಿರುವುದು ಹೊಟ್ಟೆ, ಹೊಟ್ಟೆ ಇರುವುದು ಉದ್ಯಾನದಲ್ಲಿ ಎಂದು ವಾದ ಹೂಡಿದರು. ಜನ ಸೇರಿ, ವಾಹನಗಳು ನಿಂತು, ಕೊನೆಗೆ ನಗರಸಭೆಯ ಕಮಿಷನರ್ ಮೇಡಂ ಅವರ ಕಾರೂ ಅಲ್ಲೇ ಸಿಕ್ಕಿಕೊಂಡಿತು. ಇಳಿದು ಬಂದ ಅವರು ವೆಲ್ಡರನ್ನು ಕರೆಸಿ ಕಂಬಿ ಕತ್ತರಿಸಲು ಹೇಳಿದರು.

“ಮುಟ್ಟಬೇಡ” ಎಂದರು ಮೇಷ್ಟ್ರು.

ವೆಲ್ಡರ್ ಬೆಚ್ಚಿ ನಿಂತ. ಮೇಷ್ಟ್ರಿಗೆ ಮಾತ್ರ ಮತ್ತೆ ತರಗತಿಯಲ್ಲಿ ನಿಂತಂತಾಯಿತು.

“ಮೇಡಂ, ಆ ಕಾಲದಲ್ಲಿ ತೋಟ ಅಂದ್ರೆ ದೊಡ್ಡವರದ್ದು, ಬಾಗಿಲಲ್ಲಿ ಕಾವಲು. ಊರು ಬೆಳೀತು, ಹೊಗೆ, ಧೂಳು, ಕಾಯಿಲೆ. ಆಗ ನಗರಸಭೆಯ ಹಿರಿಯರು ಊರಾಚೆಯ ಜೌಗು ನೆಲ ತಗೊಂಡು ಎಲ್ಲರಿಗೂ ಅಂತ ಉದ್ಯಾನ ಮಾಡಿದರು. ಕೆಸರು ಕೊಂಡರು ಅಂತ ಜನ ನಕ್ಕರು. ದನ ನುಗ್ಗಬಾರದು, ಮನುಷ್ಯರನ್ನ ತಡೀಬಾರದು, ಅದಕ್ಕೇ ಈ ತಿರುಗು ಗೇಟು. ಇಲ್ಲಿ ಇವತ್ತಿನವರೆಗೂ ಯಾರನ್ನೂ ‘ನೀನ್ಯಾರು’ ಅಂತ ಕೇಳಿಲ್ಲ.”

ಮೇಡಂ ತುಕ್ಕು ಹಿಡಿದ ಕಂಬಿಯ ಮೇಲೆ ಕೈಯಿಟ್ಟರು.

“ನಮ್ಮಪ್ಪ ಗಾರೆ ಕೆಲಸ ಮಾಡ್ತಿದ್ದರು ಮೇಷ್ಟ್ರೇ. ರಜಾ ದಿನ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಇದೇ ಗೇಟಿಂದ ಒಳಗೆ ಬರ್ತಿದ್ದರು. ಹೌದು, ಯಾರೂ ಕೇಳಲಿಲ್ಲ.”

ಅಲ್ಲೇ ನಿಂತು ಆಜ್ಞೆ ಮಾಡಿದರು: ಈ ಕ್ಷಣದಿಂದ ಈ ಗೇಟು ನಗರದ ಸಂರಕ್ಷಿತ ಸ್ಮಾರಕ. ಅದಕ್ಕೊಂದು ಸಂರಕ್ಷಣಾ ಸಮಿತಿ, ಮೇಷ್ಟ್ರೇ ಅಧ್ಯಕ್ಷರು. ಅವರ ಒಪ್ಪಿಗೆಯಿಲ್ಲದೆ ಇದರ ಒಂದು ಮೊಳೆಯನ್ನೂ ಯಾರೂ ಮುಟ್ಟುವಂತಿಲ್ಲ. ಜನ ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷ ಕಚೇರಿಯಿಂದ ಕಚೇರಿಗೆ ಅಲೆದರೂ ಸಿಗದಿದ್ದದ್ದು ನಿಂತ ನಿಲುವಿನಲ್ಲೇ ಸಿಕ್ಕಿತ್ತು. ಹೆಮ್ಮೆಯಿಂದ ಮೇಷ್ಟ್ರ ಎದೆ ಉಬ್ಬಿತು. ಕಂಬಿ ಮತ್ತೊಂದಿಷ್ಟು ಒತ್ತಿತು.

ವೆಲ್ಡರ್ ಉಪಾಯ ಹೊಳೆದವನಂತೆ ಮುಂದೆ ಬಂದ. “ಹಾಗಾದ್ರೆ ಸುಲಭ ಆಯ್ತಲ್ಲ ಅಧ್ಯಕ್ಷರೇ. ನೀವು ಹೂಂ ಅಂದ್ರೆ ಸಾಕು, ಕತ್ತರಿಸ್ಬಿಡ್ತೀನಿ.”

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಗೇಟನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಗೇಟನ್ನೇ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು.

“ಒಂದು ಅರ್ಜಿ ಕೊಡಪ್ಪ. ಸಮಿತಿಯಲ್ಲಿ ಪರಿಶೀಲಿಸೋಣ.”

ಹೆಂಡತಿ ಊಟದ ಡಬ್ಬಿ ತರಲು ಮನೆಯ ಕಡೆ ನಡೆದಳು.